ಬೂಷ್ಟಿಗೆ ಅಂಜಬೇಕು, ಯಾವ ಬೂಷ್ಟಿಗೆ?

ಪ್ರಶ್ನೆ: ನಮ್ಮದು ಮಂಠಾಳ. ಲಿಂಗಾಯತ ಮನೆತನ, ಮಾಂಸ ಮುಟ್ಟುವವರಲ್ಲ. ಇಂಗ್ಲೆಂಡಿನಲ್ಲಿ ಓದುವ ಮಗಳು ವಾರಕ್ಕೆ ಮೂರ್ನಾಲ್ಕು ಸಲ ‘ಕ್ವಾರ್ನ್’ ತಿನ್ನುತ್ತಾಳೆ. ನೋಡಲು ಕೋಳಿಮಾಂಸದಂತೆಯೇ ಇದೆ, ಮಾಡುವುದು ಬೂಷ್ಟಿನಿಂದಂತೆ! ಮೈಗೆ ವಿಷವಾಗುವುದಿಲ್ಲವೇ?

ಉತ್ತರ: ಇಲ್ಲ ತಾಯಿ, ನಿಶ್ಚಿಂತೆಯಿಂದಿರಿ. ಅದು ಫ್ಯುಸೇರಿಯಂ ವೆನೆನೇಟಂ ಎಂಬ ಶಿಲೀಂಧ್ರ. ಇಂಗ್ಲೆಂಡಿನ ಮಾರ್ಲೋ ಊರಿನ ಮಣ್ಣಿನಲ್ಲಿ 1960ರ ದಶಕದಲ್ಲಿ ಸಿಕ್ಕಿತು. ವರ್ಷಗಟ್ಟಲೆ ಪರೀಕ್ಷೆ ನಡೆದ ಮೇಲೆ 1985ರಲ್ಲಿ ಅಂಗಡಿಗೆ ಬಂತು. ಅಮೆರಿಕದಲ್ಲಿ 2002ರಿಂದ ಮಾರುತ್ತಾರೆ. ಮುಚ್ಚಿದ ದೊಡ್ಡ ತೊಟ್ಟಿಗಳಲ್ಲಿ ಸಕ್ಕರೆಪಾಕ ಉಣಿಸಿ ಬೆಳೆಸುತ್ತಾರೆ, ಬಿಸಿ ಮಾಡಿ ಸಂಸ್ಕರಿಸುತ್ತಾರೆ, ವಿಷಾಂಶವಿದೆಯೇ ಎಂದು ತಪಾಸಣೆ ಮಾಡುತ್ತಾರೆ. 100 ಗ್ರಾಮಿಗೆ ಸುಮಾರು 11 ಗ್ರಾಮ್ ಪ್ರೋಟೀನು, ಜೊತೆಗೆ ಒಳ್ಳೆಯ ನಾರು. ನಾರಿನಿಂದ ಕೆಲವರಿಗೆ ಹೊಟ್ಟೆ ಉಬ್ಬರಿಸುವುದುಂಟು.

ಅಲರ್ಜಿ ಅಪರೂಪ, ಆದರೆ ಇಲ್ಲವೆನ್ನಲಾರೆ. ತಿಂದಮೇಲೆ ವಾಂತಿ, ಮೈಮೇಲೆ ಗಂದೆ, ಗಂಟಲು ಊತ ಕಂಡರೆ ಮತ್ತೆ ಮುಟ್ಟಬಾರದು. ಉಸಿರು ಕಟ್ಟಿದರೆ ನೇರ ಆಸ್ಪತ್ರೆಗೆ. ಇಷ್ಟು ದಿನ ತಿಂದೂ ಆರಾಮವಿದ್ದಾಳೆಂದರೆ ಆ ಚಿಂತೆಯೂ ಕಡಿಮೆ.

ನೀವು ಕೇಳದ ಇನ್ನೊಂದು ಮಾತಿದೆ. ಕ್ವಾರ್ನಿನ ಬಹಳಷ್ಟು ಪದಾರ್ಥಗಳನ್ನು ಹಿಡಿದು ಕೂಡಿಸುವುದು ಮೊಟ್ಟೆಯ ಬಿಳಿಭಾಗ. ನಮ್ಮಲ್ಲಿ ಮೊಟ್ಟೆ ಬಿದ್ದ ಪೊಟ್ಟಣಕ್ಕೆ ಹಸಿರು ಚುಕ್ಕೆ ಸಿಗುವುದಿಲ್ಲ. ಅಲ್ಲಿ ಮೊಟ್ಟೆಯಿದ್ದರೂ ‘ವೆಜಿಟೇರಿಯನ್’ ಎಂದೇ ಬರೆದಿರುತ್ತಾರೆ. ಅದು ಬೇಡವೆಂದರೆ ‘ವೀಗನ್’ ಎಂದಿರುವುದನ್ನೇ ಕೊಳ್ಳಲಿ. ಮೊಟ್ಟೆ ಮುಟ್ಟಬೇಕೋ ಬೇಡವೋ, ಅದು ಅವಳು ತೀರ್ಮಾನಿಸಲಿ. ಫೋನಿನಲ್ಲಿ ಬೈಯಬೇಡಿ.

ಇಷ್ಟಾದರೂ ನಿಮ್ಮ ಅಂಜಿಕೆಗೆ ಬುಡವಿದೆ. ಇದೇ ಫ್ಯುಸೇರಿಯಂ ಕುಲದ ಬೇರೆ ಜಾತಿಗಳು ಮಳೆಗೆ ನೆಂದ ಜೋಳದಲ್ಲಿ, ಮೆಕ್ಕೆಜೋಳದಲ್ಲಿ ಬೆಳೆದು ಫ್ಯುಮೊನಿಸಿನ್ ಎಂಬ ವಿಷ ಬಿಡುತ್ತವೆ. 1995ರಲ್ಲಿ ದಖ್ಖನ್ ಪ್ರಸ್ಥಭೂಮಿಯ ಹಳ್ಳಿಗಳಲ್ಲಿ ಅಂಥ ಕಾಳಿನ ರೊಟ್ಟಿ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಟ್ಟುವುದು, ಭೇದಿ ಕಾಡಿದವು. ಬಡವರ ಮನೆಗಳಲ್ಲಿ ಕೆಟ್ಟ ಕಾಳನ್ನು ಎಸೆಯುವ ಮನಸ್ಸಾದರೂ ಹೇಗೆ ಬಂದೀತು?

ಈ ವಿಷ ತೊಳೆದರೂ ಸುಟ್ಟರೂ ಪೂರ್ತಿ ಹೋಗುವುದಿಲ್ಲ. ಹಾಗಾಗಿ ರಾಶಿಯ ಹೊತ್ತಿಗೆ ಮಳೆ ಸಿಕ್ಕ ಜೋಳವನ್ನು ಚೆನ್ನಾಗಿ ಒಣಗಿಸದೆ ಹಗೇವಿಗಾಗಲಿ ಚೀಲಕ್ಕಾಗಲಿ ತುಂಬಬೇಡಿ. ನಸುಗೆಂಪು, ಬಿಳಿ ಬೂಷ್ಟು ಹಿಡಿದ ಕಾಳನ್ನು ಬೇರೆ ಮಾಡಿ ಬಿಸಾಡಿ. ದನಕ್ಕೂ ಕೋಳಿಗೂ ಹಾಕಬೇಡಿ.