ಒಂದು ಹಲಗೆ, ಎರಡು ಅಂತಸ್ತು: ಮನೆಯಲ್ಲಿ ಮಾದರಿ ರೈಲುದಾರಿ ಕಟ್ಟುವ ಪಾಠ



ನಮ್ಮಲ್ಲಿ ಬಹುಮಂದಿ ಈ ಊರಿಗೆ ರೈಲಿನಲ್ಲಿಯೇ ಬಂದವರು. ನಿಜಾಮ ಸಂಸ್ಥಾನದ ರೈಲುದಾರಿ 1874ರಲ್ಲಿ ವಾಡಿಯಿಂದ ಸಿಕಂದರಾಬಾದಿನವರೆಗೆ ತೆರೆದ ಮೇಲೆ, ಕಲಬುರ್ಗಿ, ಚಿತ್ತಾಪುರ, ಸೇಡಂ ಕಡೆಯ ಜನಕ್ಕೆ ಹೈದರಾಬಾದಿನ ಹಾದಿ ಸುಲಭವಾಯಿತು. ಅಬಿಡ್ಸಿನಿಂದ ಕಾಲ್ನಡಿಗೆಯ ದೂರದಲ್ಲಿರುವ ನಾಂಪಲ್ಲಿ ನಿಲ್ದಾಣದಲ್ಲಿ ಹಬ್ಬಕ್ಕೆ ಊರಿಗೆ ಹೊರಟವರ ಗುಂಪು ನಮಗೆಲ್ಲ ಪರಿಚಿತವಾದುದೇ. ಹೀಗೆ ನಮ್ಮ ಬದುಕಿಗೆ ಅಂಟಿಕೊಂಡಿರುವ ರೈಲನ್ನು ಚಿಕ್ಕ ಪ್ರಮಾಣದಲ್ಲಿ ಮನೆಯಲ್ಲಿಯೇ ಕಟ್ಟುವುದು ಹೇಗೆಂಬುದು ಇಂದಿನ ಪಾಠ.

ಇದು ಬರಿಯ ಮಕ್ಕಳಾಟವಲ್ಲ. ಪುಣೆಯ ಕೋಥರೂಡಿನಲ್ಲಿ ಭಾವೂಸಾಹೇಬ ಜೋಶಿಯವರು ತಮ್ಮ ಹವ್ಯಾಸವನ್ನೇ ಬೆಳೆಸಿ, 1998ರಲ್ಲಿ ಚಿಕ್ಕ ರೈಲುಗಳ ವಸ್ತುಸಂಗ್ರಹಾಲಯವನ್ನೇ ತೆರೆದರು. ಅಷ್ಟು ಸ್ಥಳವಾಗಲಿ ಹಣವಾಗಲಿ ನಮ್ಮಲ್ಲಿಲ್ಲ. ಇರುವುದು ಬಾಡಿಗೆಯ ಒಂದು ಕೋಣೆ, ಅದರ ಒಂದು ಮೂಲೆ. ಅಗಲವಿಲ್ಲದವನು ಎತ್ತರವನ್ನು ಹುಡುಕುತ್ತಾನೆ. ಆದುದರಿಂದಲೇ ಅಂತಸ್ತಿನ ಮೇಲೆ ಅಂತಸ್ತು ಕಟ್ಟುವ ಆಸೆ ಹುಟ್ಟುವುದು. ಆದರೆ ರೈಲಿಗೆ ಏಣಿಯಿಲ್ಲ. ಒಂದಂಗುಲ ಮೇಲೆ ಹೋಗಬೇಕಾದರೂ ಅದಕ್ಕೆ ತಕ್ಕ ಉದ್ದ ಬೇಕು. ಈ ಲೆಕ್ಕ ತಿಳಿಯದೆ ಮರ ಕೊಯ್ಯಿಸಿದರೆ ಗಳಿಸಿದ ಕಾಸು ಮಣ್ಣುಪಾಲಾಗುವುದು.

ಪ್ರಮಾಣ

ಅಂಗಡಿಯಲ್ಲಿ ಹೆಚ್ಚಾಗಿ ದೊರೆಯುವ ಮಾದರಿ ಹಳಿಯ ಅಗಲ 16.5 ಮಿಲಿಮೀಟರು. ಯೂರೋಪಿನ ಹಳಿಯ ಅಗಲ 1435 ಮಿ.ಮೀ. ಇರುವುದರಿಂದ, ಆ ದೇಶಗಳವರು ಇದನ್ನು 87ರಲ್ಲಿ ಒಂದು ಪ್ರಮಾಣವೆಂದು ಎಣಿಸುತ್ತಾರೆ. ನಮ್ಮ ದೇಶದ ಬ್ರಾಡ್‌ಗೇಜು 1676 ಮಿ.ಮೀ. ಅದನ್ನು 16.5ರಿಂದ ಭಾಗಿಸಿದರೆ ಹೆಚ್ಚುಕಡಿಮೆ ನೂರು ಬರುತ್ತದೆ. ಇದು ನಮಗೊಂದು ಅನುಕೂಲ. ನಿಜವಾದ ಒಂದು ಮೀಟರು ನಮ್ಮ ಹಲಗೆಯ ಮೇಲೆ ಒಂದು ಸೆಂಟಿಮೀಟರು! ಪೆರಂಬೂರು ಕಾರ್ಖಾನೆಯ ಮಾದರಿಯ ಡಬ್ಬಿ ಸುಮಾರು 21 ಮೀಟರು ಉದ್ದ, 3.2 ಮೀಟರು ಅಗಲ. ರಟ್ಟಿನಿಂದ 21 ಸೆಂ.ಮೀ. ಉದ್ದ, 3.2 ಸೆಂ.ಮೀ. ಅಗಲದ ಡಬ್ಬಿ ಕತ್ತರಿಸಿ, ಕೊಂಡುತಂದ ಗಾಲಿಗಳ ಮೇಲೆ ಕೂಡಿಸಿದರೆ ಊರಿನ ಗಾಡಿ ಸಿದ್ಧವಾಯಿತು. ಹಳಿ, ಗಾಲಿ, ಎಂಜಿನ್ನುಗಳಿಗೆ ಮಾತ್ರ ಹಣ ತೆತ್ತರೆ ಸಾಕು.

ಏರಿನ ಲೆಕ್ಕ

ನಲವತ್ತು ಸೆಂಟಿಮೀಟರು ಮುಂದೆ ಹೋದಾಗ ಒಂದು ಸೆಂಟಿಮೀಟರು ಮೇಲೇರಿದರೆ ಅದು 40ಕ್ಕೆ 1 ಏರು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಇಳಿಯುವ, 57 ಸುರಂಗಗಳುಳ್ಳ ಘಾಟಿಯಲ್ಲಿ ಏರು 50ಕ್ಕೆ 1. ಕ್ಯಾಸಲ್‌ರಾಕಿನಿಂದ ದೂಧಸಾಗರದ ಬದಿಯಲ್ಲಿ ಗೋವೆಗೆ ಇಳಿಯುವ, 1888ರಲ್ಲಿ ತೆರೆದ ಘಾಟಿಯಲ್ಲಿ 37ಕ್ಕೆ 1. ಭಾರವಾದ ಗಾಡಿ ಅಲ್ಲಿ ಏರಬೇಕಾದರೆ ಹಿಂದಿನಿಂದ ನೂಕುವುದಕ್ಕೆ ಬೇರೆ ಎಂಜಿನ್ನುಗಳನ್ನು ಹೂಡುತ್ತಾರೆ. ಉಕ್ಕಿನ ಗಾಲಿ ಉಕ್ಕಿನ ಹಳಿಯನ್ನು ಬಿಗಿಯಾಗಿ ಹಿಡಿಯಲಾರದು ಎಂಬುದೇ ಇದರ ಕಾರಣ. ಏರು ಹೆಚ್ಚಿದಂತೆ ಗಾಲಿ ನಿಂತಲ್ಲೇ ತಿರುಗತೊಡಗುತ್ತದೆ. ನೀಲಗಿರಿಯಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಕಬೇಕಾಗಿ ಬಂದುದೂ ಇದಕ್ಕಾಗಿಯೇ. ನಮ್ಮ ಪುಟ್ಟ ಎಂಜಿನ್ನಿಗೂ ಇದೇ ನಿಯಮ.

ಈಗ ಎರಡು ಅಂತಸ್ತುಗಳ ನಡುವೆ ಎಷ್ಟು ಎತ್ತರ ಬೇಕೆಂದು ನೋಡೋಣ. ಕೆಳಗಿನ ಗಾಡಿ ನುಸುಳುವುದಕ್ಕೆ 6 ಸೆಂ.ಮೀ., ಮೇಲೆ ಸ್ವಲ್ಪ ಬಿಡುವು 1 ಸೆಂ.ಮೀ., ಮೇಲಿನ ದಾರಿಯ ಪ್ಲೈವುಡ್ಡಿನ ದಪ್ಪ 9 ಮಿ.ಮೀ., ಅದರ ಮೇಲಿನ ಹಳಿ 5 ಮಿ.ಮೀ. ಒಟ್ಟು 8.4. ಇದನ್ನು 9 ಸೆಂ.ಮೀ. ಎಂದು ಇಟ್ಟುಕೊಳ್ಳೋಣ. 40ಕ್ಕೆ 1ರ ಏರಿನಲ್ಲಿ 9 ಸೆಂ.ಮೀ. ಗಳಿಸಬೇಕಾದರೆ 360 ಸೆಂ.ಮೀ. ಉದ್ದ ಬೇಕು.

ಒಂದು ಹಲಗೆಯ ನಕ್ಷೆ

ಅಂಗಡಿಯಲ್ಲಿ ಪ್ಲೈವುಡ್ಡು 8 ಅಡಿ ಉದ್ದ, 4 ಅಡಿ ಅಗಲದ ಹಾಳೆಯಾಗಿ ದೊರೆಯುತ್ತದೆ. ಸುಮಾರು 240 ಸೆಂ.ಮೀ., 120 ಸೆಂ.ಮೀ. ಎನ್ನೋಣ. ಸುತ್ತಲೂ 10 ಸೆಂ.ಮೀ. ಅಂಚು ಬಿಟ್ಟು, ಎರಡು ತುದಿಗಳಲ್ಲಿ 50 ಸೆಂ.ಮೀ. ತ್ರಿಜ್ಯದ ಅರ್ಧವೃತ್ತಗಳನ್ನು ಎಳೆದರೆ, ಮುಂದೆ 120 ಮತ್ತು ಹಿಂದೆ 120 ಸೆಂ.ಮೀ. ನೆಟ್ಟನೆಯ ದಾರಿ ಉಳಿಯುತ್ತದೆ. ಪ್ರತಿಯೊಂದು ಅರ್ಧವೃತ್ತದ ಉದ್ದ 157 ಸೆಂ.ಮೀ.

ಮುಂದಿನ ನೆಟ್ಟನೆಯ ಭಾಗದಲ್ಲಿ ಕೆಳಗಿನ ನಿಲ್ದಾಣ ಇರಲಿ. ಅದಕ್ಕೆ ವಾಡಿಯೆಂದು ಹೆಸರಿಡೋಣ. ಒಂದು ಎಂಜಿನ್ನು, ನಾಲ್ಕು ಡಬ್ಬಿ ಅಲ್ಲಿ ಹಿಡಿಸುತ್ತವೆ. ಅಲ್ಲಿಂದ ಹೊರಟ ಗಾಡಿ ಒಂದು ತಿರುವು, ಹಿಂಭಾಗ, ಇನ್ನೊಂದು ತಿರುವು ಹೀಗೆ 434 ಸೆಂ.ಮೀ. ಓಡಿ ಮತ್ತೆ ಮುಂಭಾಗಕ್ಕೆ ಬರುತ್ತದೆ. ಏರಿಗೆ 360 ಕಳೆದರೆ 74 ಉಳಿಯಿತು. ಏರಿನ ಮೊದಲಲ್ಲಿ ಅರ್ಧ, ಕೊನೆಯಲ್ಲಿ ಅರ್ಧ ಇದನ್ನು ಹಂಚಿ, ದಾರಿ ಮೆಲ್ಲಮೆಲ್ಲನೆ ಬಾಗುವಂತೆ ಮಾಡತಕ್ಕದ್ದು. ಇಲ್ಲವಾದರೆ ಏರು ತೊಡಗುವಲ್ಲಿ ಕೊಂಡಿ ಕಳಚುತ್ತದೆ, ಎಂಜಿನ್ನಿನ ಹೊಟ್ಟೆ ಹಳಿಗೆ ತಾಗುತ್ತದೆ.

ಕೊನೆಯ ತಿರುವನ್ನು ಸ್ವಲ್ಪ ಒಳಕ್ಕೆ ಸರಿಸಿದರೆ, ವಾಡಿಯ ಹಿಂಬದಿಗೆ 9 ಸೆಂ.ಮೀ. ಎತ್ತರದಲ್ಲಿ ಮೇಲಿನ ನಿಲ್ದಾಣ ಬರುತ್ತದೆ. ಅದು ನಾಂಪಲ್ಲಿಯಾಗಲಿ. ನಿಜವಾದ ನಾಂಪಲ್ಲಿಯಲ್ಲಿ ಹಳಿ ಅಲ್ಲಿಗೇ ಮುಗಿಯುತ್ತದೆ, ಮುಂದಕ್ಕೆ ದಾರಿಯಿಲ್ಲ. ನಾವೂ ಹಾಗೆಯೇ ಮುಗಿಸಿದರೆ, ಕೆಳಗಿಳಿಯಲು ಬೇರೊಂದು 360 ಸೆಂ.ಮೀ. ದಾರಿ ಕಟ್ಟುವ ಖರ್ಚು ತಪ್ಪುತ್ತದೆ. ಗಾಡಿ ಬಂದ ದಾರಿಯಲ್ಲಿಯೇ ಇಳಿಯಲಿ.

ಏರಿನ ದಾರಿಗೆ ಪ್ಲೈವುಡ್ಡನ್ನು ಪಟ್ಟಿಯಾಗಿ ಕೊಯ್ದು, 40 ಸೆಂ.ಮೀ.ಗೊಂದರಂತೆ ಮರದ ತುಂಡು ಇಡಬೇಕು. ಮೊದಲನೆಯದು 1, ಎರಡನೆಯದು 2, ಹೀಗೆ 9 ಸೆಂ.ಮೀ.ವರೆಗೆ. ಪಟ್ಟಿಯನ್ನು ಕೆಳಹಲಗೆಯಿಂದ ಪೂರ್ತಿ ಬೇರ್ಪಡಿಸದಿದ್ದರೆ ಮರವು ತಾನಾಗಿಯೇ ನಯವಾಗಿ ಬಾಗುತ್ತದೆ.

ತಿರುವಿನ ತೆರಿಗೆ

ತಿರುವಿನಲ್ಲಿ ಗಾಲಿ ಹಳಿಗೆ ಉಜ್ಜುವುದರಿಂದ ಎಳೆತ ಇನ್ನೂ ಹೆಚ್ಚುತ್ತದೆ. ಮಾದರಿಗಾರರಲ್ಲಿ ಒಂದು ಅಂದಾಜು ರೂಢಿಯಲ್ಲಿದೆ: 81ನ್ನು ತ್ರಿಜ್ಯದ ಸೆಂಟಿಮೀಟರುಗಳಿಂದ ಭಾಗಿಸಿದರೆ ಬರುವಷ್ಟು ಶೇಕಡಾ ಏರನ್ನು ಕೂಡಿಸಿಕೊಳ್ಳಬೇಕು. ನಮ್ಮ 50 ಸೆಂ.ಮೀ. ತಿರುವಿಗೆ ಅದು ಶೇಕಡಾ 1.6. ನಮ್ಮ ಏರು ಶೇಕಡಾ 2.5. ಎರಡೂ ಸೇರಿ 4.1, ಅಂದರೆ ಎಂಜಿನ್ನಿಗೆ ಅದು 24ಕ್ಕೆ 1ರಂತೆ ಭಾರ.

ಮೂರನೆಯ ಅಂತಸ್ತು ಬೇಕೆನ್ನುವವರು ಇಲ್ಲಿ ತುಸು ನಿಲ್ಲಬೇಕು. ಗೋಡೆಯ ಮೇಲೆ 45 ಸೆಂ.ಮೀ. ಎತ್ತರದಲ್ಲಿ ಬೇರೊಂದು ಹಲಗೆಗೆ ಗಾಡಿ ಹೋಗಬೇಕಾದರೆ, ಸುತ್ತಿಗೆ 9ರಂತೆ ಐದು ಸುತ್ತಿನ ಸುರುಳಿ ದಾರಿ ಬೇಕು. ಒಂದು ಸುತ್ತಿಗೆ 314 ಸೆಂ.ಮೀ.; ಒಟ್ಟು ಹದಿನೈದೂವರೆ ಮೀಟರಿಗೂ ಹೆಚ್ಚು ಹಳಿ. ಹೆಸರಿಗೆ ಅದು 35ಕ್ಕೆ 1. ತಿರುವಿನ ತೆರಿಗೆ ಸೇರಿದರೆ 22ಕ್ಕೆ 1. ಕ್ಯಾಸಲ್‌ರಾಕಿಗಿಂತ ಕಡಿದಾದ ಘಾಟಿಯನ್ನು ಕೋಣೆಯ ಮೂಲೆಯಲ್ಲಿ ಕಟ್ಟಿದಂತಾಯಿತು.

ಹಲಗೆಯ ಪರೀಕ್ಷೆ

ಮರ ಕೊಯ್ಯಿಸುವ ಮೊದಲು ಇದೊಂದನ್ನು ತಪ್ಪದೆ ಮಾಡಿರಿ. ಎರಡು ಮೀಟರಿನ ಹಲಗೆಯ ಮೇಲೆ ಹಳಿ ಹಾಸಿ, ಒಂದು ತುದಿಯನ್ನು 5 ಸೆಂ.ಮೀ. ಎತ್ತಿರಿ. ಅದೇ 40ಕ್ಕೆ 1. ಒಂದೊಂದೇ ಡಬ್ಬಿ ಕೂಡಿಸುತ್ತ ಗಾಲಿ ಜಾರುವವರೆಗೆ ಓಡಿಸಿರಿ. ಆಮೇಲೆ ಒಂದು ತುದಿಯನ್ನು ಸುಮಾರು 8 ಸೆಂ.ಮೀ.ಗೆ ಎತ್ತಿರಿ, ಇದು ತಿರುವಿನ ಏರಿಗೆ ಸಮ. ಈಗ ಎಂಜಿನ್ನು ಎಷ್ಟು ಡಬ್ಬಿ ಎಳೆಯಿತೋ ಅಷ್ಟೇ ನಿಮ್ಮ ಗಾಡಿಯ ಉದ್ದ. ಸಮನೆಲದಲ್ಲಿ ಎಂಟನ್ನು ಎಳೆದ ಎಂಜಿನ್ನು ಇಲ್ಲಿ ಮೂರಕ್ಕೇ ಸೋತರೆ ಆಶ್ಚರ್ಯವಿಲ್ಲ.

ಬಾಡಿಗೆ ಮನೆಯವರಿಗೆ

ಹಲಗೆಯನ್ನು ನಡುವೆ ಕೊಯ್ದು, 4 ಅಡಿಯ ಎರಡು ಚೌಕಗಳನ್ನು ಬೋಲ್ಟುಗಳಿಂದ ಜೋಡಿಸುವುದು ಲೇಸು. ನಮ್ಮ ನಕ್ಷೆಯಲ್ಲಿ ಹಳಿ ಈ ಸಂದನ್ನು ಮೂರೇ ಕಡೆ ದಾಟುತ್ತದೆ. ವರ್ಗವಾದರೂ ಮನೆ ಬದಲಾಯಿಸಿದರೂ ಬಾಗಿಲಲ್ಲಿ ಹೊರಗೆ ಹೋಗುತ್ತದೆ. ಗೋಡೆಗೆ ಮೊಳೆ ಹೊಡೆಯುವ ಪ್ರಮೇಯವೂ ಇಲ್ಲ. ಕೈಗೆ ನಿಲುಕುವುದು ಸುಮಾರು 75 ಸೆಂ.ಮೀ. ಮಾತ್ರ, ಆದಕಾರಣ ಮೇಜಿನ ಕಾಲಿಗೆ ಗಾಲಿಯಿರಲಿ, ಹಿಂಭಾಗಕ್ಕೆ ಹೋಗಲು ಎಳೆದುಕೊಳ್ಳಬಹುದು. ಸುರಂಗ ಮಾಡಿದರೆ ಮೇಲೆ ತೆಗೆದಿಡುವ ಮುಚ್ಚಳವಿರಲಿ. ಗಾಡಿ ಹಳಿ ತಪ್ಪುವುದು ಕೈ ಹೋಗದ ಜಾಗದಲ್ಲಿಯೇ. ಹಳಿಗೆ 12 ವೋಲ್ಟಿನ ವಿದ್ಯುತ್ತು ಸಾಕು; ಮನೆಯ 230 ವೋಲ್ಟಿನ ತಂತಿ ಮೇಜಿನ ಕೆಳಗೆ ಹಾಯಕೂಡದು. ಹಳಿಯ ಪ್ರತಿಯೊಂದು ತುಂಡಿಗೂ ಬೇರೆ ತಂತಿ ಬೆಸೆಯಿರಿ. ಸಂದನ್ನು ನಂಬಿದರೆ ಗಾಡಿ ಏರಿನ ನಡುವೆ ನಿಲ್ಲುವುದು. ತಂತಿ, ಸ್ವಿಚ್ಚುಗಳಿಗೆ ಕೋಠಿಯ ಗುಜರಾತಿ ಗಲ್ಲಿ ಇದ್ದೇ ಇದೆ. ಭಾನುವಾರ ಅಬಿಡ್ಸಿನ ಕಾಲುದಾರಿಯ ಹಳೆಯ ಪುಸ್ತಕಗಳ ರಾಶಿಯಲ್ಲಿಯೂ ಈ ವಿದ್ಯೆಯನ್ನು ಹುಡುಕಬಹುದು.

ಸಾಲ ಮಾಡಿ ತೊಡಗಬೇಡಿರಿ. ಮೊದಲ ತಿಂಗಳು ಕಾಗದದ ಮೇಲೆ ನಕ್ಷೆ, ಎರಡನೆಯ ತಿಂಗಳು ರಟ್ಟಿನ ಡಬ್ಬಿ, ಆಮೇಲೆ ಹಳಿ. ಮಕ್ಕಳನ್ನು ಜೊತೆಗೆ ಕೂರಿಸಿಕೊಳ್ಳಿರಿ. ಈ ಊರಿನಲ್ಲೇ ಹುಟ್ಟಿದ ನಮ್ಮ ಮಕ್ಕಳಿಗೆ ಭಾಗಾಕಾರವೂ ತಿಳಿಯುತ್ತದೆ. ವಾಡಿ, ಸೇಡಂ, ಸಕಲೇಶಪುರಗಳ ಹೆಸರೂ ಬಾಯಿಗೆ ಬರುತ್ತವೆ.

ಅಭ್ಯಾಸ

1. ಸಕಲೇಶಪುರದ ಏರನ್ನು ಒಂದೂವರೆ ಮೀಟರಿನ ಹಲಗೆಯ ಮೇಲೆ ತೋರಿಸಲು ತುದಿಯನ್ನು ಎಷ್ಟು ಎತ್ತಬೇಕು?

2. ಮೇಜು 180 ಸೆಂ.ಮೀ. ಉದ್ದವಿದ್ದು ಉಳಿದುದೆಲ್ಲ ಮೇಲಿನಂತೆಯೇ ಇದ್ದರೆ, ಏರು ಎಷ್ಟಾದೀತು?

ಉತ್ತರ: (1) 3 ಸೆಂ.ಮೀ. (2) ಏರಿಗೆ ಉಳಿಯುವುದು 300 ಸೆಂ.ಮೀ.; ಸುಮಾರು 33ಕ್ಕೆ 1. ಡಬ್ಬಿಗಳನ್ನು ಇನ್ನೂ ಕಡಿಮೆ ಮಾಡಬೇಕು.