ಖಾನಾಪುರದಿಂದ ಬೆಳಗಾವಿಗೆ ಬರುವಷ್ಟರಲ್ಲಿ ಹತ್ತು ಜರ್ಮನ್ ಶಬ್ದಗಳು

ಜರ್ಮನ್ ಭಾಷೆಯ ಪ್ರಥಮ ಸೋಪಾನವಾದ ಎ-1 ಪರೀಕ್ಷೆಗೆಂದು ಗಯಟೆ ಸಂಸ್ಥೆಯವರು ಸಿದ್ಧಪಡಿಸಿರುವ ಪಟ್ಟಿಯಲ್ಲಿ ಇರುವುದು ಸುಮಾರು 650 ಶಬ್ದಗಳು. ನರ್ಸಿಂಗ್ ಮುಗಿಸಿ ಜರ್ಮನಿಯ ಆಸ್ಪತ್ರೆಗಳತ್ತ ದೃಷ್ಟಿ ನೆಟ್ಟಿರುವ ಖಾನಾಪುರದ ತರುಣಿಯಾಗಲಿ, ಎಂಜಿನಿಯರಿಂಗ್ ಪದವಿಯ ತರುವಾಯ ಉನ್ನತ ವ್ಯಾಸಂಗಕ್ಕಾಗಿ ಅದೇ ದೇಶವನ್ನು ಆರಿಸಿಕೊಂಡಿರುವ ಟಿಳಕವಾಡಿಯ ತರುಣನಾಗಲಿ, ವ್ಯಾಕರಣದ ಗಹನ ಪ್ರದೇಶವನ್ನು ಪ್ರವೇಶಿಸುವುದಕ್ಕೆ ಎಷ್ಟೋ ಮೊದಲೇ ಎಡವುವುದು ಈ ಅಲ್ಪಸಂಖ್ಯೆಯ ಶಬ್ದಗಳಲ್ಲಿಯೇ. ಇವರೆಲ್ಲ ಹಿಡಿಯುವ ದಾರಿ ಬಹುಮಟ್ಟಿಗೆ ಒಂದೇ ಆಗಿರುತ್ತದೆ: ನೋಟುಬುಕ್ಕಿನ ಹಾಳೆಯ ನಡುವೆ ಗೆರೆಯೆಳೆದು, ಎಡಕ್ಕೆ ಜರ್ಮನ್ ಶಬ್ದವನ್ನೂ ಬಲಕ್ಕೆ ಅದರ ಇಂಗ್ಲಿಷ್ ಅರ್ಥವನ್ನೂ ಬರೆದು, ರಾತ್ರಿ ಮಲಗುವ ಮುನ್ನ ಮೇಲಿನಿಂದ ಕೆಳಗಿನವರೆಗೆ ಹತ್ತಾರು ಸಲ ಓದುವುದು. ಹತ್ತನೆಯ ಸಲಕ್ಕೆ ಪ್ರತಿಯೊಂದು ಶಬ್ದವೂ ಚಿರಪರಿಚಿತವೆಂಬಂತೆ ತೋರುತ್ತದೆ; ಆ ಪರಿಚಯವನ್ನೇ ಸ್ಮರಣೆಯೆಂದು ಭ್ರಮಿಸಿ ನಿದ್ರಿಸಿದವರಿಗೆ ಮರುದಿನ ತರಗತಿಯಲ್ಲಿ ಶಿಕ್ಷಕಿ ಕೇಳಿದೊಡನೆ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತದೆ.

ದೋಷ ಬುದ್ಧಿಯದಲ್ಲ, ಕ್ರಮದ್ದು. ಕಣ್ಣಿಗೆ ಮತ್ತೆ ಮತ್ತೆ ಬಿದ್ದ ಮಾತ್ರಕ್ಕೆ ಶಬ್ದವು ಮನಸ್ಸಿನಲ್ಲಿ ನೆಲೆಯೂರುವುದಿಲ್ಲ. ಪುಸ್ತಕವನ್ನು ಮುಚ್ಚಿ, ಅದನ್ನು ಒಳಗಿನಿಂದ ಹೊರಕ್ಕೆಳೆಯುವ ಪ್ರಯತ್ನವನ್ನು ನಾವು ಎಷ್ಟು ಸಲ, ಎಷ್ಟೆಷ್ಟು ಕಾಲದ ಅಂತರದಲ್ಲಿ ಮಾಡುತ್ತೇವೆ ಎಂಬುದರ ಮೇಲೆ ಅದರ ಸ್ಥೈರ್ಯ ನಿಂತಿರುತ್ತದೆ. ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ಜರ್ಮನ್ ವಿದ್ವಾಂಸನು ಅರ್ಥಹೀನವಾದ ಅಕ್ಷರಪುಂಜಗಳನ್ನು ತಾನೇ ಬಾಯಿಪಾಠ ಮಾಡಿ, ತನ್ನ ಮರೆವನ್ನು ತಾನೇ ಅಳೆದು, 1885ರಲ್ಲಿ ಪ್ರಕಟಿಸಿದ ಗ್ರಂಥದಿಂದ ಒಂದು ಸಂಗತಿ ಸ್ಪಷ್ಟವಾಯಿತು: ಮರೆವಿನ ವೇಗ ಮೊದಲ ಒಂದು ಗಂಟೆಯಲ್ಲಿ ಅತ್ಯಂತ ತೀವ್ರ, ಮೊದಲ ದಿನದಲ್ಲಿ ಬಹಳ ಹೆಚ್ಚು, ಆಮೇಲೆ ಅದು ಮಂದವಾಗುತ್ತ ಹೋಗುತ್ತದೆ. ಆದಕಾರಣ ಕಲಿತ ಶಬ್ದವನ್ನು ಮೊದಲು ಬೇಗಬೇಗನೆ, ತರುವಾಯ ವಿರಳವಾಗಿ ಕೇಳಿಕೊಳ್ಳಬೇಕು. ಈ ಲೇಖನದಲ್ಲಿ ಹೇಳಲಿರುವುದೆಲ್ಲ ಈ ಒಂದು ಸೂತ್ರದ ಭಾಷ್ಯವೇ.

ಅಸಾಮಾನ್ಯರ ಮಾತು ಬೇರೆ. 1892ರ ಅಕ್ಟೋಬರ್‌ನಲ್ಲಿ ಸ್ವಾಮಿ ವಿವೇಕಾನಂದರು ಬೆಳಗಾವಿಗೆ ಬಂದು ವಕೀಲರಾದ ಭಾಟೆಯವರ ಮನೆಯಲ್ಲಿದ್ದಾಗ, ಆ ಮನೆಯ ಹುಡುಗನು ಬಹು ಕಷ್ಟದಿಂದ ಬಾಯಿಪಾಠ ಮಾಡುತ್ತಿದ್ದ ಪಾಣಿನಿಯ ಅಷ್ಟಾಧ್ಯಾಯಿಯ ಸೂತ್ರಗಳನ್ನು ಅವನಿಗಿಂತ ಚೆನ್ನಾಗಿ ಒಪ್ಪಿಸಿದರಂತೆ. ಬಳಿಕ ಅರಣ್ಯಾಧಿಕಾರಿ ಹರಿಪದ ಮಿತ್ರರ ಮನೆಯಲ್ಲಿ ಡಿಕನ್ಸ್‌ನ ಪಿಕ್‌ವಿಕ್ ಕಾದಂಬರಿಯ ಪುಟಗಳನ್ನೇ ಒಪ್ಪಿಸಿ, ಅದನ್ನು ತಾವು ಓದಿದ್ದು ಎರಡೇ ಸಲವೆಂದು ತಿಳಿಸಿ, ಇದಕ್ಕೆ ಮನಸ್ಸಿನ ಏಕಾಗ್ರತೆಯೇ ಮೂಲವೆಂದರು. ಅಂಥ ಏಕಾಗ್ರತೆ ನಮಗೆ ದುರ್ಲಭ. ಅದರಲ್ಲೂ ಮೊಬೈಲು ಎಡಗೈಯಲ್ಲಿರುವಾಗ ಅತಿದುರ್ಲಭ. ಆ ಕೊರತೆಯನ್ನು ನಾವು ಕ್ರಮದಿಂದ ತುಂಬಿಕೊಳ್ಳಬೇಕಾಗಿದೆ.

ಚೀಟಿಯ ಸಿದ್ಧತೆ

ಮೊಟ್ಟಮೊದಲು ಆ ಇಬ್ಭಾಗದ ನೋಟುಬುಕ್ಕನ್ನು ಬದಿಗಿರಿಸಿ. ಮನೆಯಲ್ಲಿ ಬಿದ್ದಿರುವ ಹಳೆಯ ಲಗ್ನಪತ್ರಿಕೆಗಳ ದಪ್ಪ ಕಾಗದವನ್ನು ಇಸ್ಪೀಟು ಎಲೆಯ ಅಳತೆಗೆ ಕತ್ತರಿಸಿಕೊಳ್ಳಿ; ಅವು ಸಾಲದಿದ್ದರೆ ಖಡೇಬಜಾರದ ಯಾವ ಸ್ಟೇಶನರಿ ಅಂಗಡಿಯಲ್ಲಾದರೂ ಡ್ರಾಯಿಂಗ್ ಹಾಳೆ ಸಿಕ್ಕುತ್ತದೆ. ಒಂದು ಚೀಟಿಗೆ ಒಂದೇ ಶಬ್ದ. ಮುಂಬದಿಯಲ್ಲಿ ಜರ್ಮನ್ ಶಬ್ದ. ಹಿಂಬದಿಯಲ್ಲಿ ಅರ್ಥ, ಅದನ್ನು ಬಳಸಿದ ಒಂದು ಚಿಕ್ಕ ವಾಕ್ಯ, ಹಾಗೂ ಕನ್ನಡ ಲಿಪಿಯಲ್ಲಿ ಉಚ್ಚಾರ. ನಮ್ಮ ಲಿಪಿ ಹ್ರಸ್ವ ದೀರ್ಘಗಳನ್ನು ತಪ್ಪದೆ ತೋರಿಸುವುದರಿಂದ ಈ ಕೆಲಸಕ್ಕೆ ಇಂಗ್ಲಿಷಿಗಿಂತ ಎಷ್ಟೋ ಉಪಯುಕ್ತ. ಆದರೆ ತುಟಿಯನ್ನು ದುಂಡಗೆ ಮಾಡಿ ಹೇಳುವ ಕೆಲವು ಜರ್ಮನ್ ಸ್ವರಗಳಿಗೆ ನಮ್ಮಲ್ಲಿ ಅಕ್ಷರವಿಲ್ಲವಾದ್ದರಿಂದ ಅವನ್ನು ಕಿವಿಯಿಂದಲೇ ಕಲಿಯಬೇಕು. ಜರ್ಮನಿಯ ಡಾಯ್ಚ ವೆಲ್ಲ ಪ್ರಸಾರಸಂಸ್ಥೆಯು ‘ನಿಕೋಸ್ ವೇಗ್’ ಎಂಬ ದೃಶ್ಯಪಾಠಮಾಲೆಯನ್ನು ಎ-1ರಿಂದ ಬಿ-1ರವರೆಗೆ ಉಚಿತವಾಗಿ ಒದಗಿಸಿದೆ. ಚೀಟಿಗೆ ಬೇಕಾದ ವಾಕ್ಯಗಳನ್ನು ಅಲ್ಲಿಂದಲೇ ಆಯ್ದುಕೊಳ್ಳುವುದು ಒಳ್ಳೆಯದು.

ನಾಮಪದವನ್ನು ಎಂದೂ ಒಂಟಿಯಾಗಿ ಬರೆಯಬಾರದು. ಅದರ ಲಿಂಗಸೂಚಕವಾದ ಡೇರ್, ಡೀ, ಡಾಸ್‌ಗಳಲ್ಲೊಂದನ್ನು ಕೂಡಿಸಿಯೇ ಬರೆಯಬೇಕು. ಅಚೇತನ ವಸ್ತುಗಳನ್ನೆಲ್ಲ ನಪುಂಸಕವೆಂದು ಒಂದೇ ಮಾತಿನಲ್ಲಿ ಮುಗಿಸಿಬಿಡುವ ಕನ್ನಡಿಗನಿಗೆ ಚಮಚ ಪುಲ್ಲಿಂಗ, ಫೋರ್ಕು ಸ್ತ್ರೀಲಿಂಗ, ಚಾಕು ನಪುಂಸಕ — ಡೇರ್ ಲ್ಯೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್ — ಎಂದರೆ ಇದು ಊಟದ ಮೇಜಿನ ಮೇಲೆ ಯಾರೋ ಮಾಡಿದ ಕುಚೋದ್ಯವೆಂದೇ ತೋರಬಹುದು. ಬೆಂಗಳೂರಿನಲ್ಲಿ ಕಲಿಯುವವನಿಗೆ ಹಾಗೆ ತೋರಿದರೆ ಆಶ್ಚರ್ಯವಿಲ್ಲ. ಬೆಳಗಾವಿಯ ಕನ್ನಡಿಗನಿಗೆ ಮಾತ್ರ ಈ ನೆಪ ಹೇಳುವ ಅಧಿಕಾರವಿಲ್ಲ. ಏಕೆಂದರೆ ಮೂರು ಲಿಂಗಗಳನ್ನು ಅಚೇತನಗಳಿಗೂ ಹಂಚಿರುವ ಮರಾಠಿಯನ್ನು ಅವನು ಬಾಲ್ಯದಿಂದಲೂ ಕೇಳುತ್ತ ಬಂದಿದ್ದಾನೆ. ತೋ ಚಮಚಾ, ತೀ ಸುರೀ, ತೇ ತಾಟ ಎಂದು ನೆರೆಮನೆಯ ಕಾಕೂ ಹೇಳುವಾಗ ಅವನು ನಿಯಮವನ್ನು ಕೇಳಲಿಲ್ಲ, ಕಾರಣವನ್ನೂ ಕೇಳಲಿಲ್ಲ. ಸೂಚಕವೂ ಶಬ್ದವೂ ಬೆಸೆದುಕೊಂಡ ಒಂದೇ ಧ್ವನಿಯಾಗಿ ಅದನ್ನು ಎತ್ತಿಕೊಂಡನು. ಅದೇ ಬೆಸುಗೆಯನ್ನು ಜರ್ಮನ್ನಿಗೂ ಮಾಡಿದರಾಯಿತು. ಮರಾಠಿಯ ಲಿಂಗವೇ ಜರ್ಮನ್ನಿನಲ್ಲಿಯೂ ಇರುವುದೆಂದು ಮಾತ್ರ ಭಾವಿಸಬಾರದು: ಚಮಚದ ವಿಷಯದಲ್ಲಿ ಎರಡೂ ಭಾಷೆಗಳು ಒಮ್ಮತವಾಗಿವೆ, ಚಾಕುವಿನ ವಿಷಯದಲ್ಲಿ ಇಲ್ಲ. ನೀಲಿ, ಕೆಂಪು, ಹಸಿರು ಶಾಯಿಯ ಮೂರು ಪೆನ್ನುಗಳನ್ನಿಟ್ಟುಕೊಂಡು ಮೂರು ಲಿಂಗಗಳನ್ನು ಮೂರು ಬಣ್ಣಗಳಲ್ಲಿ ಬರೆದರೆ, ಶಬ್ದ ನೆನಪಾಗುವಾಗ ಅದರ ಬಣ್ಣವೂ ಒಡನೆಯೇ ಕಣ್ಣಿಗೆ ಕಟ್ಟುತ್ತದೆ.

ಶಬ್ದಕ್ಕೆ ಕೊಂಡಿ

ಎರಡನೆಯದಾಗಿ, ಪ್ರತಿಯೊಂದು ಹೊಸ ಶಬ್ದಕ್ಕೂ ನಾವು ಮೊದಲೇ ಬಲ್ಲ ಯಾವುದಾದರೊಂದರ ಸಂಬಂಧವನ್ನು ಕಲ್ಪಿಸಬೇಕು. ಸಂಸ್ಕೃತದ ಪರಿಚಯವುಳ್ಳವರಿಗೆ ಕೆಲವು ಸಂಬಂಧಗಳು ಕಲ್ಪಿಸದೆಯೇ ದೊರೆಯುತ್ತವೆ: ಹೆಸರಿಗೆ ನಾಮೆ, ಮೂಗಿಗೆ ನಾಜೆ, ಒಂಬತ್ತಕ್ಕೆ ನೊಯ್ನ್ ಎಂದಾಗ ನಾಮ, ನಾಸಾ, ನವ ಎಂಬ ಸೋದರಶಬ್ದಗಳು ಕಣ್ಣೆದುರಿಗೇ ನಿಲ್ಲುತ್ತವೆ. ಇಂಗ್ಲಿಷಿನ ನೆಂಟಸ್ತಿಕೆಯನ್ನು ನಂಬುವಾಗ ಎಚ್ಚರಿಕೆ ಬೇಕು. ಜರ್ಮನ್ನಿನಲ್ಲಿ ಗಿಫ್ಟ್ ಎಂದರೆ ವಿಷ. ಆಸ್ಪತ್ರೆಯಲ್ಲಿ ಕೆಲಸ ಮಾಡಲು ಹೊರಟವರು ಇದೊಂದನ್ನಾದರೂ ಮೊದಲ ದಿನವೇ ಕಲಿತಿರುವುದು ಕ್ಷೇಮ.

ಸಹಜ ಸಂಬಂಧವಿಲ್ಲದ ಕಡೆ ಕೃತಕವಾದುದೂ ಸಾಕು. ತಣ್ಣಗಿನದಕ್ಕೆ ಜರ್ಮನ್ನಿನಲ್ಲಿ ಕಾಲ್ಟ್ ಎನ್ನುತ್ತಾರೆ: ಅಸೋಗದ ಬಳಿ ಮಲಪ್ರಭೆಯ ನೀರಿಗೆ ಬೆಳಗಿನ ಜಾವ ಕಾಲಿಟ್ಟವನು ಹೌಹಾರಿ ಹಿಂದೆಗೆಯುವ ಚಿತ್ರವನ್ನು ಒಂದು ಕ್ಷಣ ಮನಸ್ಸಿನಲ್ಲಿ ಬರೆದುಕೊಂಡರೆ ‘ಕಾಲಿಟ್ಟ’ ಎಂಬುದರಿಂದ ‘ಕಾಲ್ಟ್’ ತಾನಾಗಿಯೇ ಹೊರಬರುತ್ತದೆ. ಚಾಕುವಿನಿಂದ ಮೀಸೆ ಕತ್ತರಿಸಿಕೊಳ್ಳುತ್ತಿರುವವನನ್ನು ಕಂಡವರು ಮೆಸ್ಸರ್ ಶಬ್ದವನ್ನು ಮರೆಯಲಾರರು. ಚಿತ್ರ ಎಷ್ಟು ಹಾಸ್ಯಾಸ್ಪದವೋ ಅಷ್ಟು ಗಟ್ಟಿ. ಇದು ಕೇವಲ ವಿನೋದವಲ್ಲ: 1975ರಲ್ಲಿ ಅಮೆರಿಕದ ಅಟ್ಕಿನ್‌ಸನ್ ಮತ್ತು ರಾ ಎಂಬ ಸಂಶೋಧಕರು 120 ರಷ್ಯನ್ ಶಬ್ದಗಳನ್ನು ಈ ಬಗೆಯಲ್ಲಿ ಕಲಿಸಿ ನೋಡಿದಾಗ, ಹೀಗೆ ಕಲಿತವರು ಇತರರಿಗಿಂತ ಬಹಳಷ್ಟು ಹೆಚ್ಚು ಶಬ್ದಗಳನ್ನು ನೆನಪಿಟ್ಟಿದ್ದರು.

ಆದರೆ ‘ಆದರೂ’, ‘ಅನುಭವ’, ‘ಬಹುಶಃ’ ಮುಂತಾದ ಅಮೂರ್ತ ಶಬ್ದಗಳು ಈ ಉಪಾಯಕ್ಕೆ ಬಗ್ಗುವುದಿಲ್ಲ. ಅವನ್ನು ವಾಕ್ಯದೊಳಗೆ ಕೂರಿಸಿಯೇ ಕಲಿಯಬೇಕು. 1853ರಲ್ಲಿ ಧಾರವಾಡಕ್ಕೆ ಬಂದ ಜರ್ಮನ್ ಪಾದ್ರಿ ಫರ್ಡಿನೆಂಡ್ ಕಿಟೆಲ್‌ರು ನಮ್ಮ ಭಾಷೆಯನ್ನು ಕಲಿತ ಬಗೆಯ ಕುರುಹು ಅವರು 1894ರಲ್ಲಿ ಮಂಗಳೂರಿನಿಂದ ಹೊರತಂದ ಕನ್ನಡ-ಇಂಗ್ಲಿಷ್ ನಿಘಂಟಿನಲ್ಲಿಯೇ ಉಂಟು. ಸುಮಾರು 70,000 ಶಬ್ದಗಳ ಆ ಬೃಹದ್ಗ್ರಂಥದಲ್ಲಿ ಅರ್ಥ ಬರೆದಷ್ಟಕ್ಕೇ ತೃಪ್ತರಾಗದೆ ಅವರು ಜನರ ಗಾದೆಗಳನ್ನೂ ಕವಿಗಳ ಪ್ರಯೋಗಗಳನ್ನೂ ಹೆಜ್ಜೆಹೆಜ್ಜೆಗೆ ಪೋಣಿಸಿದ್ದಾರೆ.

ಒಂದೇ ಜಾತಿಯ ಶಬ್ದಗಳನ್ನೆಲ್ಲ ಒಂದೇ ದಿನ ಕಲಿಯಬಾರದೆಂಬುದನ್ನೂ ಇಲ್ಲಿಯೇ ಹೇಳಬೇಕು. ಪಠ್ಯಪುಸ್ತಕಗಳು ಬಣ್ಣಗಳಿಗೊಂದು ಪುಟ, ಹಣ್ಣುಗಳಿಗೊಂದು ಪುಟವೆಂದು ಅಚ್ಚುಕಟ್ಟಾಗಿ ವಿಂಗಡಿಸಿರುತ್ತವೆ. ಆ ಅಚ್ಚುಕಟ್ಟೇ ಕಲಿಯುವವನಿಗೆ ಶತ್ರು. ಹಳದಿಗೆ ಗೆಲ್ಬ್, ಹಸಿರಿಗೆ ಗ್ರ್ಯುನ್, ಬೂದುಬಣ್ಣಕ್ಕೆ ಗ್ರಾಉ ಎಂದು ಮೂರನ್ನೂ ಒಟ್ಟಿಗೆ ಕಲಿತವನಿಗೆ ಮೂರೂ ಕಲಸಿಹೋಗುತ್ತವೆ. ಅಮರಕೋಶವೂ ವರ್ಗಾನುಸಾರಿಯಲ್ಲವೆ ಎಂದು ಕೇಳಬಹುದು. ಹೌದು, ಆದರೆ ಅದಕ್ಕೆ ಛಂದಸ್ಸಿನ ಬೆಂಬಲವಿತ್ತು, ವರ್ಷಗಟ್ಟಲೆ ಪಾಠ ಒಪ್ಪಿಸಿಕೊಳ್ಳುವ ಗುರುಗಳಿದ್ದರು. ಮೇಲೆ ಹೇಳಿದ ಚಮಚ, ಫೋರ್ಕು, ಚಾಕುಗಳ ತ್ರಯವನ್ನು ಮಾತ್ರ ಇದಕ್ಕೆ ಅಪವಾದವೆಂದು ತಿಳಿಯಿರಿ. ಅವುಗಳ ಧ್ವನಿಗಳಲ್ಲಿ ಹೋಲಿಕೆಯಿಲ್ಲ.

ಪೆಟ್ಟಿಗೆಯ ಕ್ರಮ

ಮೂರನೆಯದು ಪುನರಾವೃತ್ತಿ. ಇದಕ್ಕೆ ಜರ್ಮನ್ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಬೋಧಿಸಿದ ಪೆಟ್ಟಿಗೆಯ ಉಪಾಯಕ್ಕಿಂತ ಸರಳವಾದುದನ್ನು ನಾನು ಕಂಡಿಲ್ಲ. ಪಾದರಕ್ಷೆಯ ಪೆಟ್ಟಿಗೆಯಾದರೂ ಸರಿ, ಕುಂದಾ ಖಾಲಿಯಾದ ಮೇಲೆ ಉಳಿಯುವ ದೊಡ್ಡ ಡಬ್ಬಿಯಾದರೂ ಸರಿ, ರಟ್ಟಿನ ಅಡ್ಡಗೋಡೆಗಳಿಂದ ಐದು ಅಂಕಣ ಮಾಡಿ. ಹೊಸ ಚೀಟಿಗಳೆಲ್ಲ ಮೊದಲ ಅಂಕಣದಲ್ಲಿರಲಿ. ಅದನ್ನು ಪ್ರತಿದಿನವೂ, ಎರಡನೆಯದನ್ನು ದಿನ ಬಿಟ್ಟು ದಿನ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದನ್ನು ವಾರಕ್ಕೊಮ್ಮೆ, ಐದನೆಯದನ್ನು ಹದಿನೈದು ದಿನಕ್ಕೊಮ್ಮೆ ತೆಗೆಯಬೇಕು. ಉತ್ತರ ಬಂದ ಚೀಟಿ ಮುಂದಿನ ಅಂಕಣಕ್ಕೆ. ಬಾರದಿದ್ದುದು, ಅದು ಎಷ್ಟೇ ದೂರ ಸಾಗಿದ್ದರೂ, ದಾಕ್ಷಿಣ್ಯವಿಲ್ಲದೆ ಮೊದಲನೆಯದಕ್ಕೆ. ‘ಬಂದೇ ಬಿಟ್ಟಿತ್ತು’ ಎಂಬುದನ್ನು ಬಂದಂತೆ ಎಣಿಸಬಾರದು. ದಿನಕ್ಕೆ ಹತ್ತು ಹೊಸ ಶಬ್ದಗಳಂತೆ 650 ಶಬ್ದಗಳು ಪೆಟ್ಟಿಗೆಯನ್ನು ಪ್ರವೇಶಿಸಲು 65 ದಿನಗಳು ಸಾಕು. ನಿತ್ಯದ ಪರೀಕ್ಷೆಗೆ ಕಾಲು ಗಂಟೆಗಿಂತ ಹೆಚ್ಚು ಹಿಡಿಯುವುದಿಲ್ಲ. ಅಂಕಣಗಳ ಲೆಕ್ಕವಿಡುವ ತಾಳ್ಮೆಯಿಲ್ಲದವರಿಗಾಗಿ ಆಂಕಿ ಎಂಬ ಮೊಬೈಲ್ ಆ್ಯಪು ಇದೇ ಕೆಲಸವನ್ನು ತಾನೇ ಮಾಡುತ್ತದೆ. ಆದರೆ ಇತರರು ಸಿದ್ಧಪಡಿಸಿಟ್ಟ ಚೀಟಿಗಳನ್ನು ಇಳಿಸಿಕೊಳ್ಳುವುದಕ್ಕಿಂತ ಸ್ವಹಸ್ತದಿಂದ ಬರೆದುಕೊಳ್ಳುವುದೇ ಮೇಲು, ಬರೆಯುವಾಗಲೇ ಕಲಿಕೆ ಅರ್ಧ ಮುಗಿದಿರುತ್ತದೆ.

ದಾರಿಯ ಬಳಕೆ

ಮೊದಲ ಒಂದು ಗಂಟೆಯ ಮರೆವನ್ನು ತಡೆಯಲು ಪೆಟ್ಟಿಗೆ ಸಾಲದು. ಅದಕ್ಕೆ ಪ್ರಯಾಣವೇ ಪ್ರಶಸ್ತ. ಖಾನಾಪುರದಿಂದ ಬೆಳಗಾವಿಗೆ ರೈಲಿನಲ್ಲಿ ಬರುವವರು ಹತ್ತಿ ಕುಳಿತೊಡನೆ ಹತ್ತು ಹೊಸ ಚೀಟಿಗಳನ್ನು ಎರಡೂ ಬದಿ ನೋಡಿ, ಮೆಲ್ಲಗೆ ಬಾಯಿಬಿಟ್ಟು ಹೇಳಿಕೊಳ್ಳಲಿ. ಇದಲಹೊಂಡ ಬಂದಾಗ ಜರ್ಮನ್ ಬದಿಯನ್ನಷ್ಟೇ ನೋಡಿ ಅರ್ಥವನ್ನು ಹೇಳಿಕೊಳ್ಳಬೇಕು. ದೇಸೂರಿನಲ್ಲಿ ತಪ್ಪಿದವುಗಳನ್ನು ಮಾತ್ರ ಮತ್ತೊಮ್ಮೆ. ಟಿಳಕವಾಡಿಯ ಮೂರನೇ ಗೇಟು ದಾಟುವಾಗ ಕ್ರಮವನ್ನು ತಿರುವುಮುರುವು ಮಾಡಿ, ಹಿಂಬದಿಯ ಅರ್ಥವನ್ನಷ್ಟೇ ನೋಡಿ ಜರ್ಮನ್ ಶಬ್ದವನ್ನು ಹೇಳಬೇಕು. ಇದು ಮೊದಲಿನದಕ್ಕಿಂತ ಕಠಿನ, ಆದರೆ ಮಾತಾಡುವಾಗ ಬೇಕಾಗುವುದು ಇದೇ. ಬಸ್ಸಿನವರಿಗೆ ಮಚ್ಛೆ, ಪೀರನವಾಡಿ, ಉದ್ಯಮಬಾಗಗಳಿವೆ. ಸಂಜೆ ಮರಳುವಾಗ ಚೀಟಿಯನ್ನೇ ತೆಗೆಯದೆ ಹತ್ತರಲ್ಲಿ ಎಷ್ಟು ಉಳಿದಿವೆಯೆಂದು ಎಣಿಸಿಕೊಳ್ಳಿ. ಆರೇಳು ಉಳಿದಿದ್ದರೆ ಕಲಿಕೆ ಸುಗಮವಾಗಿದೆಯೆಂದೇ ತಿಳಿಯಬೇಕು. ನಾಲ್ಕಕ್ಕಿಂತ ಕಡಿಮೆಯಾಗುತ್ತಿದ್ದರೆ ಹೊಸ ಶಬ್ದಗಳ ಸಂಖ್ಯೆಯನ್ನು ಐದಕ್ಕಿಳಿಸಿ.

ಐದಾರು ಸಲ ಮೊದಲ ಅಂಕಣಕ್ಕೆ ಮರಳಿದ ಹಟಮಾರಿ ಶಬ್ದಗಳು ಎಲ್ಲರಿಗೂ ಇರುತ್ತವೆ. ಅವುಗಳೊಡನೆ ಸೆಣಸುತ್ತ ಕಾಲಕಳೆಯದೆ, ಆ ಚೀಟಿಯನ್ನು ಹರಿದುಹಾಕಿ, ಹತ್ತು ದಿನ ಬಿಟ್ಟು, ಬೇರೊಂದು ವಾಕ್ಯದೊಡನೆ, ಬೇರೊಂದು ಚಿತ್ರದೊಡನೆ ಹೊಸದಾಗಿ ಬರೆಯಿರಿ. ಪುಣೆ ಅಥವಾ ಬೆಂಗಳೂರಿನ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಪರೀಕ್ಷೆಗೆ ಕೂರುವವರು ಕೊನೆಯ ವಾರ ಹೊಸ ಚೀಟಿಗಳನ್ನು ನಿಲ್ಲಿಸಿ ಹಳೆಯವನ್ನಷ್ಟೇ ತಿರುವಿಹಾಕುವುದು ಯುಕ್ತ. ಎ-1 ಮುಗಿಯಿತೆಂದು ಪೆಟ್ಟಿಗೆಯನ್ನು ಅಟ್ಟಕ್ಕೇರಿಸಬೇಡಿ: ಬಿ-1ರ ಪಟ್ಟಿಯಲ್ಲಿ ಸುಮಾರು 2,400 ಶಬ್ದಗಳಿವೆ, ಮತ್ತು ಅಲ್ಲಿನ ಪರೀಕ್ಷಕರು ಈ ಮೊದಲಿನ 650ನ್ನು ನಿಮಗೆ ಬರುವುದೆಂದೇ ಹಿಡಿದು ಮಾತಿಗಾರಂಭಿಸುತ್ತಾರೆ.