ಜಗಲಿಯ ಆಂಥೂರಿಯಂ: ಗೊಬ್ಬರ ನೀರಿಗೆ ಎರಡು ಬಾಟ್ಲಿ

ನಮ್ಮ ಜಗಲಿಯ ಆಂಥೂರಿಯಂ ಗಿಡಗಳನ್ನು ತೆಂಗಿನ ಸಿಪ್ಪೆಯ ತುಂಡಿನಲ್ಲಿ ನೆಟ್ಟದ್ದು. ಸಿಪ್ಪೆಯಲ್ಲಿ ಸಾರ ಕಡಿಮೆ, ನೀರಿನೊಟ್ಟಿಗೇ ಗೊಬ್ಬರ ಕೊಡಬೇಕು. ಮೊದಲ ವರ್ಷ 19:19:19 ಪುಡಿಯನ್ನು ಕೈ ಅಂದಾಜಿನಲ್ಲೇ ಚೊಂಬಿಗೆ ಹಾಕಿ ಹೊಯ್ದೆ. ಎಲೆ ತುದಿ ಸುಟ್ಟಿತು. ಸಾರ ಸಾಲದೆಂದು ಇನ್ನಷ್ಟು ಕೊಟ್ಟೆ, ಆರು ಗಿಡ ಹೋಯ್ತು!

ನೆರಳಿನ ಗಿಡಕ್ಕೆ ಲೀಟರಿಗೆ ಅರ್ಧ ಗ್ರಾಂ ಸಾಕು. ಅಷ್ಟನ್ನು ಮನೆಯಲ್ಲಿ ತೂಗುವುದು ಹೇಗೆ? 50 ಗ್ರಾಂ ಪುಡಿ ಕರಗಿಸಿ ಒಟ್ಟು ಒಂದು ಲೀಟರ್ ದ್ರಾವಣ ಮಾಡಿಡಿ. ಅದರಲ್ಲಿ 10 ಮಿ.ಲೀ. ತೆಗೆದು ಲೀಟರ್ ನೀರಿಗೆ ಸೇರಿಸಿದರೆ ಲೆಕ್ಕ ಸರಿ. ಅಳೆಯಲು ಕೆಮ್ಮಿನ ಔಷಧಿಯ ಗೆರೆಯಿರುವ ಮುಚ್ಚಳ ಸಾಕಾಗ್ತದೆ. ಬಾಟ್ಲಿಗೆ ಚೀಟಿ ಅಂಟಿಸಿ, ಮಕ್ಕಳಿರುವ ಮನೆ.

19:19:19ರಲ್ಲಿ ಕ್ಯಾಲ್ಸಿಯಂ ಇಲ್ಲ. ಕರಾವಳಿಯ ಮುರಕಲ್ಲಿನ ಬಾವಿ ನೀರಿನಲ್ಲೂ ಸಾಮಾನ್ಯವಾಗಿ ಕಡಿಮೆ. ಅದಕ್ಕೆ ಕ್ಯಾಲ್ಸಿಯಂ ನೈಟ್ರೇಟ್ ಬೇಕು, ಅದೇ ಪ್ರಮಾಣದಲ್ಲಿ, ಆದರೆ ಬೇರೆ ಬಾಟ್ಲಿಯಲ್ಲಿ. ಗಟ್ಟಿ ದ್ರಾವಣಗಳನ್ನು ಒಟ್ಟು ಮಾಡಿದರೆ ಕ್ಯಾಲ್ಸಿಯಂ ರಂಜಕದೊಂದಿಗೆ ಸೇರಿ ಬಿಳಿ ಗಸಿಯಾಗಿ ತಳ ಹಿಡೀತದೆ. ದುಡ್ಡು ಕೊಟ್ಟ ಗೊಬ್ಬರ ಬಾಟ್ಲಿಯಲ್ಲೇ ಬಾಕಿ. ನಾನು ಒಂದು ವಾರ ಇದು, ಮರುವಾರ ಅದು ಕೊಡುತ್ತೇನೆ.

ಒಣಗಿದ ಚಟ್ಟಿಗೆ ಮೊದಲು ಬರೀ ನೀರು, ಆಮೇಲೆ ಗೊಬ್ಬರ. ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿ. ಚಟ್ಟಿಯ ಬಾಯಿಯಲ್ಲಿ ಬಿಳಿ ಪುಡಿ ಕಂಡರೆ ಅದು ಹೆಚ್ಚಾಗಿ ಗೊಬ್ಬರದ ಉಪ್ಪು. ಕಾಣುವ ತನಕ ಕಾಯದೆ, ತಿಂಗಳಿಗೊಮ್ಮೆ ಚಟ್ಟಿಯನ್ನು ಅಂಗಳಕ್ಕಿಳಿಸಿ, ಅಡಿಯಿಂದ ಧಾರಾಳ ಹರಿಯುವಷ್ಟು ಬರೀ ನೀರು ಹೊಯ್ಯಿರಿ. ಮಳೆಗಾಲದಲ್ಲಿ ಸಿಪ್ಪೆ ಒಣಗುವುದೇ ನಿಧಾನ. ಆಗ ನಮ್ಮಲ್ಲಿ ಗೊಬ್ಬರ ನೀರು ತಿಂಗಳಿಗೆ ಎರಡೇ ಸಲ.